ಯಾರು ದೊಡ್ಡವನು? ಎಂಟನೇ ಲೇನ್ ಕಲಿಸುವ ಪಾಠ

ಬಾಗಿಲ ಹತ್ತಿರ ನಿಂತಿರುವ ಯೌವನಸ್ಥರು ಒಳಗೆ ಬನ್ನಿ, ಮುಂದಿನ ಸಾಲಿನಲ್ಲಿ ಜಾಗ ಇದೆ. ಮುಂದಿನ ಸಾಲು ಅಂದ ತಕ್ಷಣ ಯಾರೂ ಅಲ್ಲಾಡಲ್ಲ, ನನಗೆ ಗೊತ್ತು.

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಇಲ್ಲಿಯವರೆಗೂ ಈ ಜಗತ್ತು ಕಂಡ ಎಲ್ಲಾ ಕ್ರೀಡಾಪಟುಗಳಲ್ಲಿ ಅತಿ ಶ್ರೇಷ್ಠ ಯಾರು? ಹೇಳಿ, ಜೋರಾಗಿ ಹೇಳಿ. ಬೋಲ್ಟ್. ಫೆಲ್ಪ್ಸ್. ಸಚಿನ್, ಈ ಹೆಸರು ಬಂದೇ ಬರುತ್ತೆ ಅಂತ ಗೊತ್ತಿತ್ತು. ಮೆಸ್ಸಿ ಅಂದವರೂ ರೊನಾಲ್ಡೊ ಅಂದವರೂ ಒಂದೇ ಸಾಲಿನಲ್ಲಿ ಕೂತಿದ್ದೀರಿ, ಆರಾಧನೆ ಮುಗಿಯುವ ತನಕ ದಯವಿಟ್ಟು ಸಮಾಧಾನವಾಗಿರಿ. (ನಗು) ನೀವು ಇದನ್ನ 'ಗೋಟ್' ಅಂತೀರಲ್ಲಾ, ಮತ್ತಾಯ 25ರಲ್ಲಿ ಆಡುಗಳನ್ನು ಯಾವ ಕಡೆ ನಿಲ್ಲಿಸ್ತಾರೆ ಅಂತ ಸ್ವಲ್ಪ ನೆನಪಿಟ್ಕೊಳ್ಳಿ. (ನಗು)

ಈ ಚರ್ಚೆ ಹೊಸದಲ್ಲ. ಸತ್ಯವೇದ ತೆಗೆಯಿರಿ, ಮೊಬೈಲ್‌ನಲ್ಲಾದರೂ ಪರವಾಗಿಲ್ಲ. ಮಾರ್ಕನು ಬರೆದ ಸುವಾರ್ತೆ, 9ನೇ ಅಧ್ಯಾಯ, 33ರಿಂದ 37. ಕಪೆರ್ನೌಮಿನ ದಾರಿಯಲ್ಲಿ ಶಿಷ್ಯರು ನಡೆದುಕೊಂಡು ಬರ್ತಿದ್ದಾರೆ. ಮನೆಗೆ ಬಂದ ಮೇಲೆ ಯೇಸು ಕೇಳ್ತಾನೆ, ದಾರೀಲಿ ಏನು ಮಾತಾಡ್ತಿದ್ರಿ ಅಂತ. ಹನ್ನೆರಡು ಜನರಲ್ಲಿ ಒಬ್ಬನೂ ಬಾಯಿ ಬಿಡಲ್ಲ. ಯಾಕೆ? ನಮ್ಮಲ್ಲಿ ಯಾರು ದೊಡ್ಡವನು ಅಂತ ಅವರು ವಾದ ಮಾಡಿಕೊಂಡು ಬಂದಿದ್ದರು. ಸ್ವಲ್ಪ ಮುಂಚೆ ತಾನೇ ಯೇಸು ತನ್ನ ಮರಣದ ವಿಷಯ ಹೇಳಿದ್ದಾನೆ. ಆತನು ಶಿಲುಬೆಯ ಕಡೆಗೆ ನಡೀತಿದ್ದಾನೆ, ಇವರು ಹಿಂದೆ ರ‍್ಯಾಂಕ್ ಪಟ್ಟಿ ಮಾಡ್ತಿದ್ದಾರೆ.

ನಾವು ಅವರನ್ನ ನೋಡಿ ನಗೋದು ಬೇಡ. ಬನ್ನಿ, ನಾವೇ ಒಂದು ಪಟ್ಟಿ ಮಾಡಿ ನೋಡೋಣ. ಎಷ್ಟು ದೂರ ಹೋಗುತ್ತೋ ನೋಡೋಣ.

ಮೊದಲನೆಯ ಹೆಸರು ಉಸೇನ್ ಬೋಲ್ಟ್. 2009, ಬರ್ಲಿನ್, 100 ಮೀಟರ್ 9.58 ಸೆಕೆಂಡ್. ನಾನು ಈ ವಾಕ್ಯ ಹೇಳಿ ಮುಗಿಸೋದ್ರೊಳಗೆ ಅವನು ಅರ್ಧ ದಾರಿ ಮುಗಿಸಿರ್ತಾನೆ. ಎರಡನೆಯ ಹೆಸರು ಮೈಕಲ್ ಫೆಲ್ಪ್ಸ್. ಒಲಿಂಪಿಕ್ಸ್‌ನಲ್ಲಿ 28 ಪದಕ, ಅದರಲ್ಲಿ 23 ಚಿನ್ನ. ಮೂರನೆಯದು ಜೆಸ್ಸಿ ಓವೆನ್ಸ್. 1935ರ ಮೇ 25, ಅಮೆರಿಕದ ಆ್ಯನ್ ಆರ್ಬರ್. ಸುಮಾರು 45 ನಿಮಿಷದೊಳಗೆ ಮೂರು ವಿಶ್ವದಾಖಲೆ ಮುರಿದು, ಇನ್ನೊಂದನ್ನು ಸರಿಗಟ್ಟಿದ. ಕೆಲವು ದಿನ ಮುಂಚೆ ಬೆನ್ನಿಗೆ ಪೆಟ್ಟಾಗಿತ್ತು, ಉದ್ದಜಿಗಿತದಲ್ಲಿ ಒಂದೇ ಒಂದು ಸಲ ಜಿಗಿದ, 8.13 ಮೀಟರ್. ಆ ದಾಖಲೆ 25 ವರ್ಷ ಉಳಿಯಿತು.

ಈಗ ಇವರಲ್ಲಿ ಯಾರನ್ನು ಮೇಲೆ ಹಾಕ್ತೀರಿ? ಓವೆನ್ಸ್ ಓಡಿದ್ದು ಬೂದಿ-ಕಲ್ಲಿದ್ದಲ ಪುಡಿ ಹಾಸಿದ ಟ್ರ್ಯಾಕಿನ ಮೇಲೆ. ಕಾಲಿಡೋಕೆ ಸಣ್ಣ ಕರಣೆಯಿಂದ ತಾನೇ ಗುಂಡಿ ತೋಡಿಕೊಳ್ಳಬೇಕಿತ್ತು. ಬೋಲ್ಟ್ ಓಡಿದ್ದು ಸಿಂಥೆಟಿಕ್ ಟ್ರ್ಯಾಕ್ ಮೇಲೆ, ಸ್ಟಾರ್ಟಿಂಗ್ ಬ್ಲಾಕ್‌ನಿಂದ. ಫೆಲ್ಪ್ಸ್‌ಗೆ ಒಂದೇ ಕೂಟದಲ್ಲಿ ಎಂಟು ಸ್ಪರ್ಧೆ ಈಜುವ ಅವಕಾಶ ಇತ್ತು. ಮ್ಯಾರಥಾನ್ ಓಡುವವನಿಗೆ ನಾಲ್ಕು ವರ್ಷಕ್ಕೆ ಒಂದೇ ಚಿನ್ನ. ನೀರು ಬೇರೆ, ನೆಲ ಬೇರೆ, ಕಾಲ ಬೇರೆ. ಅಳತೆಗೋಲು ಒಂದೇ ಇಲ್ಲ.

ಪಟ್ಟಿ ಮಾಡಿದ್ರೂ ಅದು ನಿಲ್ಲಲ್ಲ. ಬೋಲ್ಟ್ 9 ಒಲಿಂಪಿಕ್ ಚಿನ್ನ ಗೆದ್ದಿದ್ದ. 2008ರ ರಿಲೇಯಲ್ಲಿ ಜೊತೆಗೆ ಓಡಿದ ಒಬ್ಬನು ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ, 2017ರಲ್ಲಿ ಆ ಪದಕ ಹೋಯಿತು. ಈಗ 8. ಜಿಮ್ ಥಾರ್ಪ್ ಅಂತ ಒಬ್ಬ ಇದ್ದ, 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡೂ ಗೆದ್ದ. ಹಿಂದೆ ಯಾವಾಗಲೋ ಬೇಸ್‌ಬಾಲ್ ಆಡಿ ಸ್ವಲ್ಪ ದುಡ್ಡು ತಗೊಂಡಿದ್ದ ಅಂತ ಮುಂದಿನ ವರ್ಷವೇ ಪದಕ ಕಿತ್ತುಕೊಂಡರು. ಆತನು ತೀರಿಕೊಂಡದ್ದು 1953ರಲ್ಲಿ. ಆತನನ್ನು ಮತ್ತೆ ಏಕೈಕ ವಿಜೇತ ಅಂತ ಘೋಷಿಸಿದ್ದು 2022ರಲ್ಲಿ. ಮನುಷ್ಯರು ಕೊಡ್ತಾರೆ, ಕಿತ್ಕೊಳ್ತಾರೆ, ಮತ್ತೆ ಕೊಡ್ತಾರೆ. ಅಷ್ಟೊತ್ತಿಗೆ ತಗೊಳ್ಳೋಕೆ ಕೈ ಇರಲ್ಲ.

ಬಾಡಿಹೋಗುವ ಎಲೆ

ಇನ್ನೊಂದು ಹೆಸರು ಹೇಳ್ತೀನಿ. ರೋಡ್ಸ್ ದ್ವೀಪದ ಲಿಯೋನಿಡಾಸ್. ಯಾರಿಗೆ ಗೊತ್ತು, ಕೈ ಎತ್ತಿ. ಒಬ್ಬರೂ ಇಲ್ಲ. ಕ್ರಿಸ್ತಪೂರ್ವ 164ರಿಂದ 152ರವರೆಗೆ, ಸತತ ನಾಲ್ಕು ಒಲಿಂಪಿಕ್ಸ್‌ನಲ್ಲಿ, ಪ್ರತಿ ಸಲವೂ ಮೂರು ಓಟ ಗೆದ್ದವನು. ಒಟ್ಟು 12 ಗೆಲುವು. ವೈಯಕ್ತಿಕ ಗೆಲುವುಗಳಲ್ಲಿ ಆ ಸಂಖ್ಯೆಯನ್ನು ಫೆಲ್ಪ್ಸ್ ದಾಟಿದ್ದು 2016ರಲ್ಲಿ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಿಂತ ದಾಖಲೆ, ಆದ್ರೂ ಈ ಸಭೆಯಲ್ಲಿ ಒಬ್ಬರಿಗೂ ಅವನ ಹೆಸರು ಗೊತ್ತಿಲ್ಲ.

ಈಗ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ, 9ನೇ ಅಧ್ಯಾಯ, 24ರಿಂದ 27. ಪೌಲನು ಓಟದ ಬಗ್ಗೆ ಬರೀತಾನೆ. ಸುಮ್ಮನೆ ಉದಾಹರಣೆ ಕೊಡಬೇಕು ಅಂತ ಅಲ್ಲ. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ನಡೀತಿದ್ದವು. ಪೌಲನು ಆ ಊರಲ್ಲಿ ಒಂದೂವರೆ ವರ್ಷ ಗುಡಾರ ಕೆಲಸ ಮಾಡಿಕೊಂಡು ಇದ್ದವನು. ಓಟಗಾರರ ಮಾತು ಆ ಊರಿನ ಬೀದಿ ಮಾತು. ಅಲ್ಲಿ ಗೆದ್ದವನ ತಲೆಗೆ ಏನು ಕಟ್ಟುತ್ತಿದ್ದರು ಗೊತ್ತಾ? ಪೈನ್ ಎಲೆಯ ಮಾಲೆ, ಕೆಲವು ಕಾಲದಲ್ಲಿ ಒಣಗಿದ ಸೆಲರಿ ಸೊಪ್ಪಿನ ಮಾಲೆ. ಒಣಗಿದ ಸೊಪ್ಪು, ಪ್ರಿಯರೇ! ಪೌಲನು ಬಾಡಿಹೋಗುವ ಜಯಮಾಲೆ ಅಂತ ಬರೆದಾಗ ಕೊರಿಂಥದವರ ಕಣ್ಣ ಮುಂದೆ ಏನು ಬಂದಿರುತ್ತೆ ಯೋಚನೆ ಮಾಡಿ.

ಇಲ್ಲೊಂದು ವಿಷಯ ಗಮನಿಸಿ. ಪೌಲನು ಆ ಓಟಗಾರರನ್ನು ಗೇಲಿ ಮಾಡಲಿಲ್ಲ. ಅವರ ಶಿಸ್ತನ್ನು ಹೊಗಳಿದ. ಅವರು ಎಲೆಗೋಸ್ಕರ ಇಷ್ಟು ದೇಹದಂಡನೆ ಮಾಡ್ತಾರಲ್ಲಾ, ನಾವು ಎಷ್ಟು ಮಾಡಬೇಕು ಅನ್ನೋದು ಅವನ ಮಾತಿನ ಅರ್ಥ. ಹಾಗಾಗಿ ಈ ಪ್ರಸಂಗ ಕೇಳಿ ಮನೆಗೆ ಹೋಗಿ, 'ಅಮ್ಮ, ಪಾಸ್ಟರ್ ರ‍್ಯಾಂಕ್ ಬೇಡ ಅಂದ್ರು, ನಾನು ಓದಲ್ಲ' ಅನ್ನಬೇಡಿ. ನಾಳೆ ನಿಮ್ಮಮ್ಮ ನನಗೆ ಫೋನ್ ಮಾಡ್ತಾರೆ. (ನಗು) ಓದಿ, ದುಡಿಯಿರಿ, ಅಭ್ಯಾಸ ಮಾಡಿ. ಆದರೆ ಆ ಅಂಕ ನಿನ್ನ ಬೆಲೆ ಅಂತ ಯಾವಾಗ ನಂಬ್ತೀಯೋ, ಆವಾಗ ಒಣ ಸೊಪ್ಪನ್ನ ಕಿರೀಟ ಅಂತ ತಲೆಗೆ ಕಟ್ಟಿಕೊಂಡ ಹಾಗೆ.

ನಾಲ್ಕನೆಯ ಸ್ಥಾನ

1984, ಲಾಸ್ ಏಂಜಲಿಸ್. ನಮ್ಮ ಪಿ.ಟಿ. ಉಷಾ, 400 ಮೀಟರ್ ಹರ್ಡಲ್ಸ್ ಫೈನಲ್. 55.42 ಸೆಕೆಂಡ್. ಮೂರನೆಯವಳ ಸಮಯ 55.41. ಸೆಕೆಂಡಿನ ನೂರರಲ್ಲಿ ಒಂದು ಭಾಗ. ಕಣ್ಣು ಮಿಟುಕಿಸೋಕೂ ಅದಕ್ಕಿಂತ ಎಷ್ಟೋ ಹೆಚ್ಚು ಸಮಯ ಬೇಕು. ಅಷ್ಟರಲ್ಲಿ ಪದಕ ಹೋಯಿತು. ಅದಕ್ಕೂ ಮುಂಚೆ, 1960ರ ರೋಮ್‌ನಲ್ಲಿ ಮಿಲ್ಖಾ ಸಿಂಗ್, ಅವರೂ ನಾಲ್ಕನೆಯವರು. ಪದಕದ ವೇದಿಕೆಗೆ ಮೂರೇ ಮೆಟ್ಟಿಲು. ನಾಲ್ಕನೆಯವರಿಗೆ ನಿಲ್ಲೋಕೆ ಜಾಗ ಇಲ್ಲ.

ಇಲ್ಲಿ ಕೂತಿರುವ ಎಷ್ಟೋ ಜನ ನಾಲ್ಕನೆಯವರು. ಸಿಇಟಿಯಲ್ಲಿ ಸೀಟು ಒಂದು ನೂರು ರ‍್ಯಾಂಕಿನಿಂದ ತಪ್ಪಿಹೋಯಿತು. ಇಂಟರ್‌ವ್ಯೂ ಕೊನೆಯ ರೌಂಡ್ ತನಕ ಹೋಗಿ ನಿಂತುಹೋಯಿತು. ಮದುವೆ ಮಾತು ಹುಡುಗನ ಪ್ಯಾಕೇಜ್ ಕೇಳಿ ಮುರಿದುಹೋಯಿತು.

ಒಬ್ಬ ತಮ್ಮ ಪ್ರಾರ್ಥನೆಗೆ ಅಂತ ನನ್ನ ಹತ್ರ ಬಂದಿದ್ದ. ಅವನ ಅನುಮತಿ ತಗೊಂಡೇ ಹೇಳ್ತಿದ್ದೀನಿ. ಸಾಫ್ಟ್‌ವೇರ್ ಕೆಲಸ. 'ಪಾಸ್ಟರ್, ನಮ್ಮ ಟೀಮ್‌ನಲ್ಲಿ ಎಲ್ಲರೂ ಚೆನ್ನಾಗೇ ಕೆಲಸ ಮಾಡಿದ್ವಿ. ಆದ್ರೆ ಅಪ್ರೈಸಲ್‌ನಲ್ಲಿ ಯಾರಾದ್ರೂ ಒಬ್ಬರನ್ನ ಕೆಳಗೆ ಹಾಕಲೇಬೇಕಂತೆ. ಆ ಒಬ್ಬ ನಾನು' ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, 'ದೇವರ ಹತ್ರಾನೂ ಹಿಂಗೇ ಇರುತ್ತಾ? ಯಾರನ್ನಾದ್ರೂ ಕೆಳಗೆ ಹಾಕಲೇಬೇಕಾ?'

ನಾನು ಅವನಿಗೆ ಮತ್ತಾಯ 25 ತೆಗೆದು ತೋರಿಸಿದೆ. ನೀವೂ ತೆಗೆಯಿರಿ. ತಲಾಂತುಗಳ ಸಾಮ್ಯ ಎಲ್ಲರಿಗೂ ಗೊತ್ತು. ಒಬ್ಬನಿಗೆ ಐದು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು. ಐದು ಇದ್ದವನು ಹತ್ತು ಮಾಡಿದ, ಎರಡು ಇದ್ದವನು ನಾಲ್ಕು ಮಾಡಿದ. ಮನುಷ್ಯರ ಪಟ್ಟಿಯಲ್ಲಿ ಹತ್ತು ಮೇಲೆ, ನಾಲ್ಕು ಕೆಳಗೆ. ಈಗ 21ನೇ ವಚನ ಓದಿ, ಆಮೇಲೆ 23ನೇ ವಚನ ಓದಿ. ಪಕ್ಕ ಪಕ್ಕ ಇಟ್ಟು ಓದಿ. ಯಜಮಾನನು ಹತ್ತು ತಂದವನಿಗೆ ಏನು ಹೇಳಿದನೋ, ನಾಲ್ಕು ತಂದವನಿಗೂ ಅದನ್ನೇ ಹೇಳಿದ. ಅದೇ ಮೆಚ್ಚುಗೆ, ಅದೇ ಆಹ್ವಾನ, ಅದೇ ಸಂತೋಷ. ಆಮೆನ್ ಹೇಳ್ತೀರಾ? ಮೂರನೆಯವನು ಸೋತದ್ದು ಅವನಿಗೆ ಒಂದೇ ಸಿಕ್ಕಿತು ಅಂತಲ್ಲ. ಅವನು ಅದನ್ನು ಹೂತಿಟ್ಟ. ಯಜಮಾನನನ್ನೇ ತಪ್ಪಾಗಿ ತಿಳಿದಿದ್ದ.

ತಮ್ಮ, ತಂಗಿ, ಕೇಳು. ದೇವರು ನಿನ್ನನ್ನ ಪಕ್ಕದವನ ಜೊತೆ ಇಟ್ಟು ತೂಗಲ್ಲ. ನಿನ್ನ ಕೈಗೆ ಏನು ಕೊಟ್ಟನೋ ಅದರ ಲೆಕ್ಕ ಕೇಳ್ತಾನೆ. ಐದು ತಲಾಂತಿನವನ ಲೆಕ್ಕ ನಿನ್ನ ಹತ್ರ ಕೇಳಲ್ಲ.

1976, ಮಾಂಟ್ರಿಯಲ್. ನಾಡಿಯಾ ಕೊಮನೆಚಿ, 14 ವರ್ಷದ ಹುಡುಗಿ, ಜಿಮ್ನಾಸ್ಟಿಕ್ಸ್‌ನಲ್ಲಿ ಒಂದೂ ತಪ್ಪಿಲ್ಲದೆ ಮಾಡಿ ಮುಗಿಸಿದಳು. ಸ್ಕೋರ್‌ಬೋರ್ಡ್ ನೋಡಿದ್ರೆ 1.00. ಜನಕ್ಕೆ ಗಾಬರಿ. ವಿಷಯ ಏನಂದ್ರೆ ತೀರ್ಪುಗಾರರು ಕೊಟ್ಟದ್ದು ಪೂರ್ತಿ 10. ಒಲಿಂಪಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಅದಕ್ಕೆ ಮುಂಚೆ ಯಾರಿಗೂ ಹತ್ತಕ್ಕೆ ಹತ್ತು ಬಂದಿರಲಿಲ್ಲ, ಹಾಗಾಗಿ ಆ ಬೋರ್ಡಿಗೆ 10.00 ತೋರಿಸಲು ಬರ್ತಿರಲಿಲ್ಲ!

ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷದಿಂದ ನೋಡಿಕೊಳ್ತಿರುವ ಅಕ್ಕ ಈ ಸಭೆಯಲ್ಲಿದ್ದಾರೆ. ಅವರ ರೀಲ್ ಯಾರೂ ನೋಡಿಲ್ಲ. ಎರಡು ಕಾಸು ಹಾಕಿದ ವಿಧವೆಯನ್ನು ದೇವಾಲಯದ ಕಾಣಿಕೆ ಪೆಟ್ಟಿಗೆಯ ಹತ್ತಿರ ಯಾರೂ ಗಮನಿಸಲಿಲ್ಲ, ಯೇಸು ಗಮನಿಸಿದ. ಲೋಕದ ಬೋರ್ಡಿನಲ್ಲಿ ನಿನ್ನ ಹೆಸರಿನ ಮುಂದೆ 1.00 ಅಂತ ಬಂದಿರಬಹುದು. ಪರಲೋಕದಲ್ಲಿ ಏನು ಬರೆದಿದೆ ಅಂತ ಆ ಬೋರ್ಡಿಗೆ ತೋರಿಸೋ ಶಕ್ತಿ ಇಲ್ಲ. ಹಲ್ಲೆಲೂಯಾ!

ನಿನ್ನ ಲೇನ್‌ನಲ್ಲಿ ಓಡು

ಕಂಠೀರವ ಸ್ಟೇಡಿಯಂಗೆ ಹೋಗಿದ್ದವರು ಟ್ರ್ಯಾಕ್ ಮೇಲಿನ ಗೆರೆಗಳನ್ನ ನೋಡಿರ್ತೀರಿ. 400 ಮೀಟರ್ ಓಟದಲ್ಲಿ ಎಲ್ಲರೂ ಒಂದೇ ಗೆರೆಯಿಂದ ಶುರು ಮಾಡಲ್ಲ. ಒಳಗಿನ ಲೇನ್ ಚಿಕ್ಕದು, ಹೊರಗಿನ ಲೇನ್ ದೊಡ್ಡದು. ಅದಕ್ಕೆ ಹೊರಗಿನವರನ್ನ ಮುಂದೆ ನಿಲ್ಲಿಸ್ತಾರೆ. ಎಂಟನೇ ಲೇನ್‌ನವನು ಒಂದನೇ ಲೇನ್‌ನವನಿಗಿಂತ ಸುಮಾರು 53 ಮೀಟರ್ ಮುಂದೆ ನಿಂತಿರ್ತಾನೆ. ಗೊತ್ತಿಲ್ಲದವರು ನೋಡಿದ್ರೆ, 'ಇದೇನಪ್ಪಾ ಅನ್ಯಾಯ, ಇವನು ಆಗಲೇ ಗೆದ್ದಿದ್ದಾನೆ' ಅಂತಾರೆ. ಆದರೆ ಎಲ್ಲರೂ ಓಡೋದು 400 ಮೀಟರೇ.

ನಿನ್ನ ಸ್ನೇಹಿತನಿಗೆ 25ಕ್ಕೆ ಮದುವೆ, 27ಕ್ಕೆ ಫ್ಲಾಟ್, 28ಕ್ಕೆ ಕೆನಡಾ. ನೀನು ಇನ್ನೂ ಪಿಜಿಯಲ್ಲಿ. ಮುಂದೆ ನಿಂತವನನ್ನ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡ. ಲೇನ್ ಬೇರೆ, ಗೆರೆ ಬೇರೆ. ಅವನ ಲೇನ್‌ಗೆ ಕಾಲಿಟ್ಟು ಓಡಿದ್ರೆ ಅನರ್ಹ ಅಂತ ಹೊರಗೆ ಹಾಕ್ತಾರೆ, ಎಷ್ಟೇ ವೇಗವಾಗಿ ಓಡಿದ್ರೂ ಅಷ್ಟೇ.

ಈಗ 2016, ರಿಯೋ. 400 ಮೀಟರ್ ಫೈನಲ್. ದಕ್ಷಿಣ ಆಫ್ರಿಕಾದ ವೇಡ್ ವಾನ್ ನೀಕರ್ಕ್. ತನ್ನ ಕ್ರೈಸ್ತ ನಂಬಿಕೆಯನ್ನು ಮುಚ್ಚಿಡದೆ ಹೇಳಿಕೊಳ್ಳುವ ಸಹೋದರ. ಅವನಿಗೆ ಸಿಕ್ಕಿದ್ದು ಎಂಟನೇ ಲೇನ್. ಓಟಗಾರರು ಆ ಲೇನ್ ಇಷ್ಟಪಡಲ್ಲ. ಯಾಕಂದ್ರೆ ಎಲ್ಲರೂ ಹಿಂದೆ ಇರ್ತಾರೆ. ಮುಂದೆ ಅಟ್ಟಿಸಿಕೊಂಡು ಹೋಗೋಕೆ ಯಾರೂ ಕಾಣಲ್ಲ. ತಾನು ಮುಂದಿದ್ದೀನೋ ಹಿಂದಿದ್ದೀನೋ ಅಂತ ಗೊತ್ತಾಗಲ್ಲ. ಆ ಓಟದಲ್ಲಿ ಹಿಂದಿನ ಎರಡು ಒಲಿಂಪಿಕ್ಸ್‌ಗಳ ಚಾಂಪಿಯನ್ನರು, ಲಶಾನ್ ಮೆರಿಟ್ ಮತ್ತು ಕಿರಾಣಿ ಜೇಮ್ಸ್, ಇಬ್ಬರೂ ಇದ್ದರು. ವಾನ್ ನೀಕರ್ಕ್ ಗುರಿಯ ಕಡೆಗೆ ಮುಖ ಮಾಡಿ ಓಡಿದ. 43.03 ಸೆಕೆಂಡ್. ಮೈಕಲ್ ಜಾನ್ಸನ್ ಅವರ 17 ವರ್ಷದ ವಿಶ್ವದಾಖಲೆ, 43.18, ಮುರಿದುಬಿತ್ತು. ಹೋಲಿಸಿಕೊಳ್ಳೋಕೆ ಕಣ್ಣ ಮುಂದೆ ಯಾರೂ ಇಲ್ಲದ ಲೇನ್‌ನಲ್ಲಿ!

ಇಬ್ರಿಯರಿಗೆ 12ನೇ ಅಧ್ಯಾಯ, 1 ಮತ್ತು 2ನೇ ವಚನ ನೋಡಿ. ನಮಗೆ ಅಂತ ನೇಮಕವಾದ ಓಟ ಒಂದಿದೆ. ಕಣ್ಣು ಎಲ್ಲಿಡಬೇಕು ಅಂತಲೂ ಅಲ್ಲೇ ಹೇಳಿದೆ. ಯೇಸುವಿನ ಮೇಲೆ. ಯೋಹಾನ 21ರಲ್ಲಿ ಪೇತ್ರನು ಹಿಂದೆ ತಿರುಗಿ ಯೋಹಾನನನ್ನು ನೋಡಿ, ಇವನ ವಿಷಯ ಏನು ಅಂತ ಕೇಳ್ತಾನೆ. ಕರ್ತನ ಉತ್ತರದ ಸಾರ ಏನು? ಅದು ನಿನಗ್ಯಾಕೆ, ನೀನು ನನ್ನ ಹಿಂದೆ ಬಾ. ಪಕ್ಕದಲ್ಲಿರುವವರಿಗೆ ಹೇಳಿ, 'ನಿನ್ನ ಲೇನ್‌ನಲ್ಲಿ ಓಡು.'

ಇನ್ನೊಂದು ಮಾತು ಸೇರಿಸಲೇಬೇಕು. 2017ರಲ್ಲಿ ಒಂದು ಪ್ರದರ್ಶನ ರಗ್ಬಿ ಪಂದ್ಯದಲ್ಲಿ ಅದೇ ವಾನ್ ನೀಕರ್ಕ್‌ನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಲಿಲ್ಲ. ವಿಶ್ವದಾಖಲೆ ಅವನ ಮೊಣಕಾಲನ್ನ ಕಾಯಲಿಲ್ಲ. ಆದ್ರೂ ಅವನು ವಾಪಸ್ ಬಂದ, ಮತ್ತೆ ಓಡಿದ. ವಿಶ್ವಾಸಿಗೆ ಗಾಯ ಆಗೋದೇ ಇಲ್ಲ ಅಂತ ನಿಮಗೆ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಗಾಯದಲ್ಲೂ ಕರ್ತನು ಬಿಟ್ಟುಹೋಗಲ್ಲ, ಅದು ಸತ್ಯ.

ಸಭೆಯೊಳಗಿನ ಪಟ್ಟಿ

ಲೋಕದ ಪಟ್ಟಿ ಇರಲಿ, ನಮ್ಮ ಪಟ್ಟಿಗೆ ಬರೋಣ. ಯಾರ ಪ್ರಾರ್ಥನೆ ಉದ್ದ? ಯಾರಿಗೆ ಅನ್ಯಭಾಷೆಯ ವರ ಮೊದಲು ಬಂತು? ಯಾರಿಗೆ ಮೈಕ್ ಕೊಟ್ರು, ಯಾರಿಗೆ ಕೊಡಲಿಲ್ಲ? ಯಾವ ಪಾಸ್ಟರ್ ಅಭಿಷೇಕ ದೊಡ್ಡದು? ಪವಿತ್ರಾತ್ಮನು ಸಭೆಯ ಪ್ರಯೋಜನಕ್ಕೆ ಕೊಟ್ಟ ವರಗಳನ್ನ ನಾವು ಪದಕ ಮಾಡಿ ಕೊರಳಿಗೆ ಹಾಕ್ಕೊಳ್ತೀವಿ.

ಸೌಲನನ್ನು ಹಾಳುಮಾಡಿದ್ದು ಏನು? ಮೊದಲನೆಯ ಸಮುವೇಲ 18 ಓದಿ. ಹೆಂಗಸರು ಹಾಡಿದ ಹಾಡಿನಲ್ಲಿ ಅವನ ಲೆಕ್ಕ ಸಾವಿರ, ದಾವೀದನ ಲೆಕ್ಕ ಹತ್ತು ಸಾವಿರ. ಶತ್ರು ಸೋತಿದ್ದಾನೆ, ದೇಶಕ್ಕೆ ಜಯ ಬಂದಿದೆ, ಆದರೆ ಅರಸನಿಗೆ ಆ ಸಂಖ್ಯೆ ಬಿಟ್ಟು ಬೇರೇನೂ ಕೇಳಿಸ್ತಿಲ್ಲ. ಆ ದಿನದಿಂದ ಅವನು ದಾವೀದನ ಮೇಲೆ ಕಣ್ಣಿಟ್ಟ.

ಇದಕ್ಕೆ ಎದುರಾಗಿ ಒಂದು ಚಿತ್ರ ನೋಡಿ. 2023, ಜಪಾನಿನ ಫುಕುವೋಕಾ. ಫೆಲ್ಪ್ಸ್ ಹತ್ರ ಉಳಿದಿದ್ದ ಕೊನೆಯ ವೈಯಕ್ತಿಕ ವಿಶ್ವದಾಖಲೆ 400 ಮೀಟರ್ ಮೆಡ್ಲಿ, 2008ರದ್ದು. ಫ್ರಾನ್ಸ್‌ನ ಹುಡುಗ ಲಿಯೋನ್ ಮಾರ್ಶಾನ್ ಅದನ್ನ ಮುರಿದ. ಫೆಲ್ಪ್ಸ್ ಅಲ್ಲೇ ಇದ್ದ, ಟಿವಿಗೆ ಕಾಮೆಂಟರಿ ಹೇಳ್ತಿದ್ದ. ಅವನೇ ಹೋಗಿ ಆ ಹುಡುಗನ ಕೊರಳಿಗೆ ಚಿನ್ನದ ಪದಕ ಹಾಕಿದ. ತನ್ನ ದಾಖಲೆ ಅಳಿಸಿದವನಿಗೆ ತನ್ನ ಕೈಯಿಂದಲೇ ಪದಕ! ಯೇಸುವಿನ ಕಡೆಗೆ ಜನ ಹೋಗ್ತಿದ್ದಾರೆ ಅಂತ ಶಿಷ್ಯರು ಬಂದು ದೂರು ಹೇಳಿದಾಗ ಸ್ನಾನಿಕನಾದ ಯೋಹಾನನು ಸಂತೋಷಪಟ್ಟನಲ್ಲಾ, ಅದು ನೆನಪಾಗುತ್ತೆ. ನಿನಗಿಂತ ಚೆನ್ನಾಗಿ ಹಾಡುವವರು ನಿನ್ನ ಟೀಮ್‌ಗೆ ಬಂದಾಗ ನಿನ್ನ ಮುಖ ಹೇಗಿರುತ್ತೆ? ನಾನು ಉತ್ತರ ಕೇಳ್ತಿಲ್ಲ. ಪವಿತ್ರಾತ್ಮನು ಕೇಳ್ತಾನೆ.

ಅದೇ ಫೆಲ್ಪ್ಸ್ ಇನ್ನೊಂದು ವಿಷಯವನ್ನೂ ಬಹಿರಂಗವಾಗಿ ಹೇಳಿದ್ದಾನೆ. ಅಷ್ಟು ಪದಕ ಗೆದ್ದ ಮೇಲೆ ಖಿನ್ನತೆ ಬಂದು, ಬದುಕೇ ಬೇಡ ಅನ್ನಿಸಿತ್ತು. ಸಹಾಯ ಕೇಳಿದ, ಚಿಕಿತ್ಸೆ ತಗೊಂಡ, ಉಳಿದ. ಕೇಳಿ ಯೌವನಸ್ಥರೇ. ಪಟ್ಟಿಯ ತುದಿಯಲ್ಲಿ ನಿಂತವನಿಗೂ ಆ ಕತ್ತಲೆ ಬಂತು. ನಿನಗೂ ಬಂದಿದ್ರೆ ಅದು ನಾಚಿಕೆಯ ವಿಷಯ ಅಲ್ಲ. ಪ್ರಾರ್ಥನೆ ಮಾಡೋಣ, ಜೊತೆಗೆ ಡಾಕ್ಟರ್ ಹತ್ರಾನೂ ಹೋಗೋಣ. ಡಾಕ್ಟರ್ ಹತ್ರ ಹೋಗೋದು ಅಪನಂಬಿಕೆ ಅಲ್ಲ. ಇವತ್ತು ಆರಾಧನೆ ಮುಗಿದ ಮೇಲೆ ನಾನು ಇಲ್ಲೇ ಇರ್ತೀನಿ, ನಮ್ಮ ಅಕ್ಕಂದಿರೂ ಇರ್ತಾರೆ. ಒಬ್ಬನೇ ಮನೆಗೆ ಹೋಗಬೇಡ.

ಕೊನೆಗೆ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆ, 4ನೇ ಅಧ್ಯಾಯ, 7 ಮತ್ತು 8. ಪೌಲನ ಓಟ ಮುಗೀತಿದೆ. ಸೆರೆಮನೆಯಲ್ಲಿ ಬೇಡಿ ಹಾಕಿಸಿಕೊಂಡಿದ್ದಾನೆ, ಎಷ್ಟೋ ಜನ ಬಿಟ್ಟುಹೋಗಿದ್ದಾರೆ. ಲೋಕದ ಯಾವ ಪಟ್ಟಿಯಲ್ಲೂ ಅವನಿಲ್ಲ. ಆದ್ರೂ ಜಯಮಾಲೆ ಸಿದ್ಧವಾಗಿದೆ ಅಂತಾನೆ. ಅಷ್ಟಕ್ಕೇ ನಿಲ್ಲಿಸಲ್ಲ. ಅದು ತನಗೊಬ್ಬನಿಗೇ ಅಲ್ಲ, ಕರ್ತನ ಬರುವಿಕೆಯನ್ನು ಪ್ರೀತಿಸಿ ಕಾಯುವ ಎಲ್ಲರಿಗೂ ಇದೆ ಅಂತಾನೆ. ಸ್ಟೇಡಿಯಂನಲ್ಲಿ ಬಿರುದು ಒಬ್ಬನಿಗೆ. ಈ ಓಟದಲ್ಲಿ ಮುಗಿಸಿದ ಎಲ್ಲರಿಗೂ.

ಕಪೆರ್ನೌಮಿನ ಆ ಮನೆಯಲ್ಲಿ ಯೇಸು ಕೂತುಕೊಂಡ. ಮೊದಲನೆಯವನು ಆಗಬೇಕು ಅನ್ನುವವನು ಎಲ್ಲರಿಗಿಂತ ಕಡೆಯವನಾಗಿ ಎಲ್ಲರ ಸೇವೆ ಮಾಡಲಿ ಅಂತ ಕಲಿಸಿದ. ಒಂದು ಚಿಕ್ಕ ಮಗುವನ್ನ ನಡುವೆ ನಿಲ್ಲಿಸಿ ಅಪ್ಪಿಕೊಂಡ. ಆ ಮಗು ಯಾವ ದಾಖಲೆಯನ್ನೂ ಮುರಿದಿರಲಿಲ್ಲ. ಅದರ ಹೆಸರು ಸಹ ಬರೆದಿಲ್ಲ. ಆದರೆ ಅದು ಯಾರ ತೋಳಿನಲ್ಲಿತ್ತು ನೋಡಿ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಯಾರ ಜೊತೆ ನಿನ್ನನ್ನ ಹೋಲಿಸಿಕೊಂಡು ಸೋತಿದ್ದೀಯೋ, ಆ ಹೆಸರನ್ನ ಮನಸ್ಸಿನಲ್ಲಿ ಕರ್ತನ ಮುಂದೆ ಇಡು. ಆ ವ್ಯಕ್ತಿಯನ್ನು ಆಶೀರ್ವದಿಸು. ಕಷ್ಟ ಆಗುತ್ತೆ, ಆದ್ರೂ ಮಾಡು.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಅಂಕಗಳಿಂದ, ರೇಟಿಂಗ್‌ನಿಂದ, ಬೇರೆಯವರ ಫೋಟೋಗಳಿಂದ ಸೋತು ಸುಸ್ತಾದ ನಿನ್ನ ಮಕ್ಕಳು ಇಲ್ಲಿ ನಿಂತಿದ್ದಾರೆ. ಇವರ ಹೊರೆಯನ್ನು ಇಳಿಸು ಕರ್ತನೇ. ನಮ್ಮೊಳಗಿನ ಸೌಲನ ಆತ್ಮವನ್ನು ತೆಗೆದುಹಾಕು. ನಮ್ಮ ಕಣ್ಣುಗಳನ್ನು ಯೇಸುವಿನ ಕಡೆಗೆ ತಿರುಗಿಸು. ನೀನು ಕೊಟ್ಟ ಲೇನ್‌ನಲ್ಲಿ, ನೀನು ಕೊಟ್ಟ ಬಲದಿಂದ, ಕೊನೆಯ ಗೆರೆಯವರೆಗೂ ಓಡುವಂತೆ ನಿನ್ನ ಪವಿತ್ರಾತ್ಮನಿಂದ ನಮ್ಮನ್ನು ತುಂಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್. ಆಮೆನ್.